ಗೋಡೆಯ ಮೇಲಣ ಹಂಪೆ

ಹಂಪೆಯ ವಿಠ್ಠಲ ದೇವಾಲಯದ ಅಂಗಳದಲ್ಲಿ ಕಲ್ಲಿನ ರಥವೆಂದು ಪ್ರಸಿದ್ಧವಾಗಿರುವ ಗರುಡನ ಗುಡಿಯನ್ನು ಇಂದು ಕಾಣುವವರು, ಶಿಲ್ಪಿಯು ಅದನ್ನು ಮೊದಲಿನಿಂದಲೂ ಹೀಗೆ ಶಿಖರವಿಲ್ಲದೆಯೇ ರಚಿಸಿದನೆಂದು ಭಾವಿಸುವುದು ಸಹಜ. ಆದರೆ ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಆ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ಇನ್ನೂ ನಿಂತಿದೆ. ಶಿಲೆಯನ್ನು ಶಾಶ್ವತವೆಂದೂ ಕಾಗದವನ್ನು ಕ್ಷಣಿಕವೆಂದೂ ಎಣಿಸುವ ನಮಗೆ, ಶಿಲೆಯ ಮೇಲಿಂದ ಅಳಿದುದನ್ನು ಕಾಗದವು ಉಳಿಸಿಕೊಟ್ಟಿರುವ ಈ ನಿದರ್ಶನವು ವಿಸ್ಮಯಕರವಾದುದು.

ಗ್ರೀನ್‌ಲಾ ಬಳಸಿದ ನೆಗೆಟಿವ್ ಗಾಜಿನದಲ್ಲ, ಮೇಣ ಹೀರಿದ ಕಾಗದದ್ದು. ಬೆಳ್ಳಿಯ ಲವಣಗಳಿಂದ ಸಂಸ್ಕಾರಗೊಂಡ ಆ ಹಾಳೆಯನ್ನು ಮುಂಚಿತವಾಗಿಯೇ ಸಿದ್ಧಪಡಿಸಿ ಒಣಗಿದ ಸ್ಥಿತಿಯಲ್ಲಿ ಪ್ರಯಾಣಕ್ಕೆ ಒಯ್ಯಬಹುದಾಗಿತ್ತು. ಬೆಳಕಿಗೆ ಒಡ್ಡಬೇಕಾದ ಕಾಲವು ನಿಮಿಷಗಳಷ್ಟು ದೀರ್ಘವಾಗುತ್ತಿದ್ದುದರಿಂದ ನಡೆದಾಡುವವರು ಅದರಲ್ಲಿ ಮೂಡುತ್ತಿರಲಿಲ್ಲ, ಅಲುಗದ ಶಿಲೆಯೊಂದೇ ಅದಕ್ಕೆ ಅನುಕೂಲವಾದ ವಸ್ತುವಾಗಿತ್ತು. ನೆಗೆಟಿವನ್ನು ಇನ್ನೊಂದು ಕಾಗದದ ಮೇಲಿರಿಸಿ ಬಿಸಿಲಿನಲ್ಲಿಟ್ಟು ಪ್ರತಿ ಪಡೆಯುತ್ತಿದ್ದ ಕಾರಣ, ಚಿತ್ರವು ಎಷ್ಟು ದೊಡ್ಡದಾಗಬೇಕೋ ನೆಗೆಟಿವೂ ಅಷ್ಟೇ ದೊಡ್ಡದಿರಬೇಕಿತ್ತು. ಅಂತಹ ಹಾಳೆ ಹಿಡಿಸುವ ಭಾರವಾದ ಪೆಟ್ಟಿಗೆಯನ್ನು ಆ ಬಂಡೆಗಳ ನಡುವೆ ಹೊತ್ತು ತಿರುಗಿದವರ ಶ್ರಮ, ಅವರಾರೆಂದು ತಿಳಿಯದಿದ್ದರೂ, ಗೌರವಾರ್ಹವಾದುದು.

ಇಂದು ಮನೆಯ ಗೋಡೆಗೆ ಬೇಕೆಂದವರಿಗೆ ಬೇಕಾದಷ್ಟು ಹಿಗ್ಗಿಸಿದ ಪ್ರತಿ ದೊರೆಯುತ್ತದೆ. ಆದರೆ ಹಂಪೆಯ ಕಣಶಿಲೆಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಹಿಡಿದು, ಬಣ್ಣವನ್ನು ಮಿತಿಮೀರಿ ಏರಿಸಿ, ಮಿರುಗುವ ಕಾಗದದ ಮೇಲೆ ಅಚ್ಚುಮಾಡಿದ ಚಿತ್ರವನ್ನು ನಾನು ಮೆಚ್ಚಲಾರೆ. ಉಬ್ಬುಶಿಲ್ಪದ ಆಳವು ಕಾಣಬೇಕಾದರೆ ಬೆಳಗಿನ ಅಥವಾ ಇಳಿಹೊತ್ತಿನ ಓರೆಬಿಸಿಲೇ ಬೇಕು. ಉಳಿಯ ಗುರುತು, ಕಲ್ಲಿನ ಬೆಸುಗೆ, ಬಿರುಕಿನಲ್ಲಿ ಬೇರೂರಿದ ಗಿಡ, ಇವೆಲ್ಲ ಹತ್ತಿರ ಹೋಗಿ ನೋಡುವವರಿಗೆ ಸಿಗುವಂತಿರಬೇಕು. ಹೊಳಪಿಲ್ಲದ ಕಾಗದವನ್ನು ಆರಿಸಿ, ಚಿತ್ರಕ್ಕೆ ಗಾಜು ತಾಗದಂತೆ ಚೌಕಟ್ಟು ಹಾಕಿಸಿ, ನೇರ ಬಿಸಿಲೂ ಮಳೆಗಾಲದ ತೇವವೂ ಸೋಕದ ಗೋಡೆಯಲ್ಲಿ ಕಣ್ಣಿನ ಎತ್ತರಕ್ಕೆ ತೂಗುಹಾಕುವುದು ಉಚಿತ.

ಚಿತ್ರದ ಬೆನ್ನಿಗೆ ಸ್ಥಳವನ್ನೂ ವರ್ಷವನ್ನೂ ಬರೆದಿಡುವುದನ್ನು ಯಾರೂ ಮರೆಯಬಾರದು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೊಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ಕ್ಯಾಮೆರಾ ಇರಿಸಿದ್ದ ನೆಲೆಗಳನ್ನೇ ಅರಸಿಕೊಂಡು ಹೋಗಿ ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಒಂದೊಂದು ಚಿತ್ರದ ಕಾಲವೂ ಖಚಿತವಾಗಿ ಗೊತ್ತಿರುವುದರಿಂದಲೇ, ಆ ಎರಡನ್ನು ಅಕ್ಕಪಕ್ಕ ಇಟ್ಟವರಿಗೆ ನೂರಿಪ್ಪತ್ತೇಳು ವರ್ಷಗಳಲ್ಲಿ ಯಾವ ಕಂಬ ಉರುಳಿತು, ಯಾವ ಗೋಪುರ ಕುಸಿಯಿತು, ಯಾವುದನ್ನು ಮರಳಿ ನಿಲ್ಲಿಸಲಾಯಿತು ಎಂಬುದನ್ನು ಒಂದೊಂದಾಗಿ ಗುರುತಿಸುವುದು ಸಾಧ್ಯವಾಗಿದೆ.