ಲಿವರ್ ಕಾಯಿಲೆ ಇರುವವರಿಗೆ ಹೃದಯದ ಪರೀಕ್ಷೆ ಏಕೆ?

ರೋಗಿಗಳಿಗೂ ಅವರ ಆರೈಕೆಯಲ್ಲಿರುವ ಬಂಧುಗಳಿಗೂ ತಿಳಿವಳಿಕೆ

"ಡಾಕ್ಟ್ರೇ, ಕಾಯಿಲೆ ಇರೋದು ಲಿವರ್‌ಗೆ. ಎದೆಗ್ಯಾಕೆ ಪರೀಕ್ಷೆ ಬರೆದಿದ್ದೀರಿ?" ಬದನಗುಪ್ಪೆ, ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಬಂಧುಗಳು ಹೀಗೆ ಕೇಳಿದರೆ ತಪ್ಪೇನಿಲ್ಲ. ಅದಕ್ಕೆ ಉತ್ತರ ಇಲ್ಲಿದೆ.

ಲಿವರ್ ಕೆಟ್ಟರೆ ಹೃದಯಕ್ಕೆ ಏನಾಗುತ್ತದೆ?

ಲಿವರ್‌ಗೆ ಬಹುಕಾಲ ಹಾನಿಯಾಗಿ, ಅದು ಗಟ್ಟಿಯಾಗಿ ಗಂಟುಗಂಟಾಗುವುದೇ ಸಿರೋಸಿಸ್. ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಬೊಜ್ಜು ಹಾಗೂ ಸಕ್ಕರೆ ಕಾಯಿಲೆಯಿಂದ ಲಿವರ್‌ನಲ್ಲಿ ಕೊಬ್ಬು ತುಂಬುವುದು ಇದರ ಮುಖ್ಯ ಕಾರಣಗಳು. ಆದ್ದರಿಂದ ಕುಡಿಯದವರಿಗೂ ಇದು ಬರಬಹುದು.

ಗಟ್ಟಿಯಾದ ಲಿವರ್ ಮೂಲಕ ರಕ್ತ ಸರಾಗವಾಗಿ ಹರಿಯುವುದಿಲ್ಲ. ಹೊಟ್ಟೆಯೊಳಗಿನ ರಕ್ತನಾಳಗಳು ಹಿಗ್ಗಿ, ಹೆಚ್ಚಿನ ರಕ್ತ ಅಲ್ಲಿಯೇ ಸೇರಿಕೊಳ್ಳುತ್ತದೆ. ಇದರಿಂದ ಬಿ.ಪಿ. ಇಳಿಯುತ್ತದೆ. ಪೈಪು ಒಡೆದಾಗ ಪಂಪ್‌ಸೆಟ್ ಬಿಡುವಿಲ್ಲದೆ ಓಡುವಂತೆ ಹೃದಯ ಹಗಲಿರುಳು ಹೆಚ್ಚು ದುಡಿಯುತ್ತದೆ. ಕೊವಾಲ್ಸ್ಕಿ ಮತ್ತು ಏಬಲ್‌ಮನ್ ಎಂಬ ವೈದ್ಯರು 1953ರಲ್ಲಿಯೇ ಇದನ್ನು ಅಳೆದು ತೋರಿಸಿದ್ದರು.

ಕ್ರಮೇಣ ಹೃದಯದ ಸ್ನಾಯು ಬಿಗಿಯಾಗಿ, ರಕ್ತ ತುಂಬಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಉದ್ದವಾಗಬಹುದು. ಈ ಸ್ಥಿತಿಗೆ ಸಿರೋಟಿಕ್ ಕಾರ್ಡಿಯೋಮಯೋಪತಿ ಎಂದು ಹೆಸರು. ಇದು ರಕ್ತನಾಳ ಕಟ್ಟಿಕೊಂಡು ಆಗುವ ಹೃದಯಾಘಾತವಲ್ಲ.

ರೋಗಿಗೆ ಏನೂ ಗೊತ್ತಾಗುವುದಿಲ್ಲವೇ?

ವಿಶ್ರಾಂತಿಯಲ್ಲಿರುವಾಗ ಅನೇಕರಿಗೆ ತೊಂದರೆ ಕಾಣುವುದಿಲ್ಲ. ಸೋಂಕು, ರಕ್ತಸ್ರಾವ, ಶಸ್ತ್ರಚಿಕಿತ್ಸೆಯಂಥ ಒತ್ತಡ ಬಂದಾಗ ಹೃದಯ ಇನ್ನೂ ಹೆಚ್ಚು ದುಡಿಯಬೇಕಾಗುತ್ತದೆ; ಆಗ ಅದು ಸೋಲುತ್ತದೆ. ಮೂತ್ರಪಿಂಡಕ್ಕೂ ರಕ್ತ ಸಾಲದಾಗುತ್ತದೆ. ಅದಕ್ಕಾಗಿಯೇ ಮೊದಲೇ ಇಸಿಜಿ ಮತ್ತು ಎಕೋ ಪರೀಕ್ಷೆ ಮಾಡಿಸುವುದು. ವೈದ್ಯರು ಹೃದ್ರೋಗ ತಜ್ಞರ ಬಳಿ ಕಳುಹಿಸಿದರೆ, ನಮ್ಮ ಭಾಗದವರಿಗೆ ಮೈಸೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಇದೆ.

"ಇನ್ನೆಷ್ಟು ದಿನ?"

ಬಂಧುಗಳು ಬಾಗಿಲ ಹೊರಗೆ ನಿಂತು ಮೆಲ್ಲಗೆ ಕೇಳುವ ಪ್ರಶ್ನೆ ಇದು. ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಕಾಮಾಲೆ, ಮಂಕು ಇವು ಕಾಣಿಸಿಕೊಳ್ಳುವ ಮೊದಲಿನ ಹಂತದಲ್ಲಿ ಅರ್ಧಕ್ಕಿಂತ ಹೆಚ್ಚು ಜನ 12 ವರ್ಷ ದಾಟಿ ಬದುಕಿರುವುದನ್ನು ಅಧ್ಯಯನಗಳು ತೋರಿಸಿವೆ. ಇವು ಕಾಣಿಸಿಕೊಂಡ ಮೇಲೆ ಈ ಅವಧಿ ಸುಮಾರು 2 ವರ್ಷಕ್ಕೆ ಇಳಿಯುತ್ತದೆ. ಹೃದಯವೂ ದುರ್ಬಲವಾಗಿದ್ದರೆ ಅಪಾಯ ಇನ್ನೂ ಹೆಚ್ಚು.

ಆದರೆ ಇದು ಎಲ್ಲರಿಗೂ ಬರೆದಿಟ್ಟ ಲೆಕ್ಕವಲ್ಲ. ಕುಡಿತವನ್ನು ಪೂರ್ತಿ ಬಿಟ್ಟವರು, ಹೆಪಟೈಟಿಸ್‌ಗೆ ಚಿಕಿತ್ಸೆ ಪಡೆದವರು ಎಷ್ಟೋ ಜನ ಚೇತರಿಸಿಕೊಂಡಿದ್ದಾರೆ. ಹೆಪಟೈಟಿಸ್ ಸಿ ಇಂದು ಮಾತ್ರೆಗಳಿಂದ ಗುಣವಾಗುತ್ತದೆ. ಲಿವರ್ ಕಸಿಯಾದ ಮೇಲೆ ಕೆಲವು ತಿಂಗಳಲ್ಲಿ ಅನೇಕರ ಹೃದಯವೂ ಸುಧಾರಿಸುತ್ತದೆ. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಾಂಗ ಹಂಚಿಕೆಯನ್ನು 'ಜೀವಸಾರ್ಥಕತೆ' ಸಂಸ್ಥೆ ನೋಡಿಕೊಳ್ಳುತ್ತದೆ. ಕಸಿಯ ವಿಚಾರವನ್ನು ಕೊನೆಯ ಗಳಿಗೆಗೆ ಬಿಡದೆ ಮೊದಲೇ ವೈದ್ಯರಲ್ಲಿ ಕೇಳಿ.

ಮನೆಯಲ್ಲಿ ಪಾಲಿಸಬೇಕಾದವು

• ಮದ್ಯ ಒಂದು ಹನಿಯೂ ಬೇಡ.

• ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಉಪ್ಪು ಕಡಿಮೆ ಮಾಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಡಿ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಎಳನೀರಿನಲ್ಲೂ ಇದೆ. ನೀರಿಳಿಸುವ ಕೆಲವು ಮಾತ್ರೆಗಳ ಜೊತೆ ಇದು ಹೃದಯದ ಬಡಿತಕ್ಕೆ ಅಪಾಯ. ಕೇಳಿಯೇ ಬಳಸಿ.

• ಪಥ್ಯವೆಂದು ಉಪವಾಸ ಹಾಕಬೇಡಿ. ರಾಗಿಮುದ್ದೆ, ಬೇಳೆ, ಕಾಳು, ಹಾಲು, ಮೊಸರು ಕೊಡಿ. ಮಲಗುವ ಮುನ್ನ ಏನಾದರೂ ಸ್ವಲ್ಪ ತಿನ್ನಿಸಿ.

• ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೂತ್ರಪಿಂಡವನ್ನು ಕೆಡಿಸುತ್ತವೆ. ಕೆಲವು ಆ್ಯಂಟಿಬಯೋಟಿಕ್ ಮತ್ತು ವಾಂತಿಯ ಮಾತ್ರೆಗಳು ಹೃದಯದ ಲಯ ತಪ್ಪಿಸಬಹುದು. ನಾಟಿ ಔಷಧಿಯ ವಿಷಯವನ್ನೂ ಮುಚ್ಚಿಡಬೇಡಿ.

• ಪ್ರೊಪ್ರನಲಾಲ್, ಕಾರ್ವೆಡಿಲಾಲ್ ಮಾತ್ರೆ ರಕ್ತವಾಂತಿ ತಡೆಯಲು ಕೊಟ್ಟಿದ್ದು. ತಾವಾಗಿ ನಿಲ್ಲಿಸಬೇಡಿ. ತಲೆ ಸುತ್ತಿದರೆ, ಮೇಲಿನ ಬಿ.ಪಿ. 90ಕ್ಕಿಂತ ಇಳಿದರೆ ಅಂದೇ ವೈದ್ಯರನ್ನು ಕಾಣಿ.

• ದಿನವೂ ಬೆಳಿಗ್ಗೆ ತೂಕ ನೋಡಿ ಬರೆದಿಡಿ.

ತಡಮಾಡದೆ ಬರಬೇಕಾದ ಲಕ್ಷಣಗಳು

ರಕ್ತವಾಂತಿ, ಡಾಂಬರಿನಂತೆ ಕಪ್ಪು ಮಲ, ಜ್ವರ, ಹೊಟ್ಟೆನೋವು, ಉಬ್ಬಸ, ಮೂತ್ರ ಕಡಿಮೆಯಾಗುವುದು, ಪ್ರಜ್ಞೆ ತಪ್ಪುವುದು, ಮಾತು ತೊದಲುವುದು ಅಥವಾ ಹಗಲೆಲ್ಲ ಮಂಪರು. ಬದನಗುಪ್ಪೆಯಲ್ಲಿ ರೈಲು ನಿಲ್ದಾಣವಿದೆ, ನಿಜ. ಆದರೆ ಇಂಥ ಹೊತ್ತಿನಲ್ಲಿ ರೈಲು, ಬಸ್ಸು ಕಾಯಬೇಡಿ. 108ಕ್ಕೆ ಕರೆ ಮಾಡಿ. ಹಳೆಯ ಚೀಟಿ, ಎಕೋ ವರದಿ, ಮಾತ್ರೆಗಳನ್ನೆಲ್ಲ ಒಂದೇ ಚೀಲದಲ್ಲಿ ಹಾಕಿ ತನ್ನಿ.

ಬಂಧುಗಳಲ್ಲಿ ಒಂದು ಮಾತು. ಮಂಕು ಕವಿದಾಗ ರೋಗಿ ಸಿಡುಕುವುದು, ಅಸಂಬದ್ಧವಾಗಿ ಮಾತನಾಡುವುದು ಕಾಯಿಲೆಯ ಲಕ್ಷಣ. ಅದನ್ನು ಹಟವೆಂದು ತಿಳಿಯಬೇಡಿ. "ಕುಡಿದು ತಂದುಕೊಂಡೆ" ಎಂದು ಹಾಸಿಗೆಯ ಬಳಿ ದೂರುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ, ಹಿತವಾದ ಊಟ, ತಪ್ಪದ ತಪಾಸಣೆ, ಜೊತೆಗೆ ಒಂದು ಧೈರ್ಯದ ಮಾತು ಇವಿಷ್ಟು ನಿಮ್ಮ ಕೈಯಲ್ಲಿವೆ.