ಇಳಿದ ಅಂಕಗಳ ಲೆಕ್ಕ

ಹುಣಸೂರಿನಲ್ಲಿ ಬಹುಕಾಲ ಗಣಿತ ಕಲಿಸಿ ನಿವೃತ್ತನಾದ ನನ್ನ ಮನೆಯ ಜಗಲಿಗೆ, ಪರೀಕ್ಷೆಯ ದಿನಗಳಲ್ಲಿ ಅತಿಥಿಗಳ ಕೊರತೆಯಿಲ್ಲ. ಕೃಷ್ಣರಾಜನಗರದ ಗದ್ದೆಯ ಬಯಲಿನಿಂದ, ಹೆಗ್ಗಡದೇವನಕೋಟೆಯ ಕಾಡಿನಂಚಿನಿಂದ, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳ ಕಡೆಯಿಂದ ಮಕ್ಕಳು ಬರುತ್ತಾರೆ. 2025ರ ಏಪ್ರಿಲ್ ತಿಂಗಳ ಒಂದು ಸಂಜೆ ಹಾಗೆಯೇ ಬಂದವಳು ಪಿರಿಯಾಪಟ್ಟಣದ ಕಡೆಯ ಒಬ್ಬ ಹುಡುಗಿ. ಜೊತೆಗೆ ಅವಳ ತಂದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಉಳಿದಿದ್ದುದು ಮೂರೇ ವಾರ.

"ಓದಿದಷ್ಟೂ ಇಳೀತಾ ಇದೆ, ಸಾರ್. ಈ ಸಲ ನಾನು ಬರೆಯೋದೇ ಇಲ್ಲ" ಎಂದು ಅವಳು ಅಭ್ಯಾಸ ಪರೀಕ್ಷೆಗಳ ಪಟ್ಟಿಯನ್ನು ಮುಂದಿಟ್ಟಳು. 720ಕ್ಕೆ ಮೊದಲು 450, ಅನಂತರ 441, ಕಡೆಯದು 429. ತಂದೆ ಮಾತನಾಡಲಿಲ್ಲ. ಇನ್ನೂ ನಾಟಿಯಾಗದ ಬೆಳೆಯನ್ನು ನಂಬಿ ಸಾಲ ತೆಗೆದು, ಮೈಸೂರಿನಲ್ಲಿ ಮಗಳ ತರಬೇತಿಗೆ ಹಣ ಕಟ್ಟಿದ್ದ ಮನುಷ್ಯ ಆತ.

ನಾನು ಅಂಕಪಟ್ಟಿಯನ್ನು ಬದಿಗಿಟ್ಟು ಉತ್ತರಗಳನ್ನು ಕೇಳಿದೆ. ಈ ಪರೀಕ್ಷೆಯಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ. ಸರಿಯುತ್ತರಕ್ಕೆ 4 ಅಂಕ ಸೇರುತ್ತದೆ. ತಪ್ಪಿಗೆ 1 ಅಂಕ ಕಳೆಯುತ್ತದೆ. ಬಿಟ್ಟ ಪ್ರಶ್ನೆಗೆ ಸೊನ್ನೆ. ಮೊದಲ ಸಲ ಅವಳು ಉತ್ತರಿಸಿದ್ದುದು 140. ಅದರಲ್ಲಿ ಸರಿ 118, ತಪ್ಪು 22. ಮೂರನೆಯ ಸಲ ಉತ್ತರಿಸಿದ್ದುದು 176. ಸರಿ 121, ತಪ್ಪು 55. ಸರಿಯುತ್ತರಗಳು ಮೂರು ಹೆಚ್ಚಿದ್ದವು, ಅಂಕ ಮಾತ್ರ 21 ಇಳಿದಿತ್ತು! ಹುಡುಗಿಯ ವಿದ್ಯೆ ಕುಂದಿರಲಿಲ್ಲ. ಮೊದಲ ಇಳಿತ ಕಂಡು ಹೆದರಿ, ಕಳೆದುದನ್ನು ಹಿಡಿಯಲು ಕಂಡ ಪ್ರಶ್ನೆಗೆಲ್ಲ ಕೈಹಾಕಿದ್ದಳು.

ಆ 55 ತಪ್ಪುಗಳನ್ನು ಇಬ್ಬರೂ ಕುಳಿತು ಮೂರು ಗುಂಪು ಮಾಡಿದೆವು. ಕಲಿಯದೇ ಇದ್ದ ವಿಷಯ 20. ಕಲಿತು ಮರೆತದ್ದು 12. ಗೊತ್ತಿದ್ದೂ ಪ್ರಶ್ನೆಯನ್ನು ಸರಿಯಾಗಿ ಓದದೆ ಕೆಟ್ಟದ್ದು 23. 'ಸರಿಯಲ್ಲದ್ದು ಯಾವುದು' ಎಂದು ಕೇಳಿದ್ದರೆ, 'ಸರಿಯಾದದ್ದು' ಎಂದೇ ಓದಿಕೊಂಡಿದ್ದಳು. ಒಂದು ತಪ್ಪು ಸರಿಯಾದರೆ 5 ಅಂಕದ ಅಂತರ. 23 ತಪ್ಪುಗಳಿಗೆ 115!

ಅಷ್ಟು ಹೊತ್ತೂ ಸುಮ್ಮನಿದ್ದ ತಂದೆ ಆಗ ಬಾಯಿ ತೆರೆದ. "ಬ್ಯಾರನ್ನಿನಲ್ಲಿ ಕಾವು ಇಳಿದರೆ ನಾವು ಥರ್ಮಾಮೀಟರನ್ನ ಬಯ್ಯೋದಿಲ್ಲ ಕಣವ್ವಾ, ಒಲೆ ನೋಡ್ತೀವಿ." ಸೊಪ್ಪು ಹದಗೊಳ್ಳುವ ಐದಾರು ದಿನ ರಾತ್ರಿಯೆಲ್ಲ ಎದ್ದು ಕಾವನ್ನು ಕಾಯ್ದವನ ಮಾತು ಅದು. ನನ್ನ ಇಡೀ ಪಾಠವನ್ನು ಆತ ಒಂದೇ ಮಾತಿನಲ್ಲಿ ಮುಗಿಸಿದ್ದ.

ಉಳಿದ ದಿನಗಳಿಗೆ ಕ್ರಮವೊಂದನ್ನು ಗೊತ್ತುಮಾಡಿದೆವು. ಪೂರ್ಣ ಪರೀಕ್ಷೆ ವಾರಕ್ಕೊಂದೇ. ಮರುದಿನವೆಲ್ಲ ಅದರ ತಪ್ಪುಗಳ ವಿಚಾರ. ಮರೆತ ಪಾಠವನ್ನು ಮತ್ತೆ ಮತ್ತೆ ಓದುವ ಬದಲು ಪುಸ್ತಕ ಮುಚ್ಚಿ ನೆನೆಯುವುದು. ಹೀಗೆ ನೆನೆದವರ ಕಲಿಕೆ, ಬರಿದೆ ಮರಳಿ ಓದಿದವರದಕ್ಕಿಂತ ವಾರ ಕಳೆದ ಮೇಲೂ ಹೆಚ್ಚು ಉಳಿಯುತ್ತದೆಂದು ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಹೊಸ ಅಧ್ಯಾಯಗಳಲ್ಲಿ ಕೆಲವನ್ನೇ ಆರಿಸಿಕೊಳ್ಳುವುದು. ರಾತ್ರಿಯ ನಿದ್ದೆಯನ್ನು ಕದಿಯದಿರುವುದು.

ಎಲ್ಲ ಇಳಿತಕ್ಕೂ ಲೆಕ್ಕವೇ ಮದ್ದೆಂದು ನಾನು ಹೇಳಲಾರೆ. ಊಟ ಸೇರದೆ, ನಿದ್ದೆ ಬಾರದೆ, ಬದುಕೇ ಬೇಡವೆನಿಸುವ ಮಗುವಿಗೆ ಬೇಕಾದುದು ಪ್ರಶ್ನೆಪತ್ರಿಕೆಯಲ್ಲ, ಜೊತೆಯಲ್ಲಿ ಕೂರುವ ಮನುಷ್ಯರು. 2022ರಲ್ಲಿ ಆರಂಭವಾದ ಟೆಲಿಮಾನಸ್ ಸಹಾಯವಾಣಿ, 14416, ಇಂಥ ಹೊತ್ತಿಗೆಂದೇ ಇದೆ. ಕರೆಗೆ ಹಣವಿಲ್ಲ, ಕರೆಯುವುದರಲ್ಲಿ ನಾಚಿಕೆಯೂ ಇಲ್ಲ.

ಮುಂದಿನ ಭಾನುವಾರ ಅವಳು 150 ಪ್ರಶ್ನೆಗಳಿಗೆ ಮಾತ್ರ ಉತ್ತರಿಸಿದಳು: ಸರಿ 124, ತಪ್ಪು 26, ಅಂಕ 470. ಮೇ 4ರಂದು ಪರೀಕ್ಷೆಯನ್ನೂ ಬರೆದಳು. ಫಲವೇನೆಂದು ವಾಚಕರು ಕೇಳಬಹುದು. ವೈದ್ಯಕೀಯ ಸೀಟು ದೊರೆಯಲಿಲ್ಲ. ಸಿಇಟಿಯ ದಾರಿಯಲ್ಲಿ ಕೃಷಿ ವಿಜ್ಞಾನ ಸೇರಿದಳು. ತಂದೆಯ ಸಾಲವಿನ್ನೂ ಪೂರ್ತಿ ತೀರಿಲ್ಲ.

ಮೊನ್ನೆ ರಜೆಗೆ ಬಂದವಳು ಜಗಲಿಯ ಮೇಲೆ ಕುಳಿತು, "ಅವತ್ತು ಬರೆಯದೇ ಹೋಗಿದ್ದರೆ ಇವತ್ತಿಗೂ ಆ 429ರ ಹತ್ತಿರವೇ ನಿಂತಿರ್ತಿದ್ದೆ, ಸಾರ್" ಎಂದಳು. ಆಮೇಲೆ, ಅಲ್ಲೇ ಒಂದು ಮೂಲೆಯಲ್ಲಿ ಮುಖ ಬಾಡಿಸಿಕೊಂಡು ಕುಳಿತಿದ್ದ ಕೋಟೆಯ ಕಡೆಯ ಹುಡುಗನೊಬ್ಬನನ್ನು ಕಂಡು, ಅವನ ಉತ್ತರಗಳ ಹಾಳೆಗೆ ಕೈ ಚಾಚಿದಳು.