ಎಣಿಕೆಯಿಂದ ಯಾರೂ ಹೊರಗುಳಿಯದಿರಲಿ

ಆಸ್ಪತ್ರೆಯ ದಾಖಲೆಯು ಬಾಗಿಲಿಗೆ ಬಂದವರನ್ನಷ್ಟೇ ಬಲ್ಲದು. ಬರಲಾರದೆ ಮನೆಯಲ್ಲಿಯೇ ನೊಂದವರನ್ನು ಅದು ಅರಿಯದು. ಕ್ಯಾನ್ಸರ್ ಯಾರನ್ನು, ಎಷ್ಟು ಬಾಧಿಸುತ್ತಿದೆ ಎಂದು ತಿಳಿಯಲು ಜನಸಂಖ್ಯಾಧಾರಿತ ನೋಂದಣಿ ಅವಶ್ಯಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1981ರಲ್ಲಿ ಇದಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ರೂಪಿಸಿತು. ಬೆಂಗಳೂರಿನಲ್ಲಿ ಈ ಕಾರ್ಯವನ್ನು ಕಿದ್ವಾಯಿ ಸಂಸ್ಥೆಯು 1982ರಿಂದ ನಡೆಸುತ್ತಿದೆ.

ಸಿಬ್ಬಂದಿಯು ಆಸ್ಪತ್ರೆ, ಪ್ರಯೋಗಾಲಯ, ಮರಣ ನೋಂದಣಿ ಕಚೇರಿಗಳಿಂದ ವಿವರ ಸಂಗ್ರಹಿಸುತ್ತಾರೆ. ರೋಗಿಯೊಬ್ಬರು ಮೂರು ಆಸ್ಪತ್ರೆಗಳನ್ನು ಅಲೆದಿದ್ದರೂ ಲೆಕ್ಕಕ್ಕೆ ಬರುವುದು ಒಮ್ಮೆಯೇ. ಎಣಿಕೆ ನಡೆಯುವುದು ವಾಸಸ್ಥಳದ ಆಧಾರದ ಮೇಲೆ. ಹೀಗಾಗಿ ಕಡೂರಿನಿಂದ ಬೆಂಗಳೂರಿಗೆ ಚಿಕಿತ್ಸೆಗೆ ತೆರಳಿದವರು ಆಸ್ಪತ್ರೆಯ ದಾಖಲೆಯಲ್ಲಿ ಸೇರುತ್ತಾರೆ, ಆ ನಗರದ ಜನಸಂಖ್ಯಾ ಲೆಕ್ಕದಲ್ಲಿ ಸೇರುವುದಿಲ್ಲ. ರೋಗ ಪತ್ತೆಯಾದವರಲ್ಲಿ ಐದು ವರ್ಷಗಳ ನಂತರ ಎಷ್ಟು ಮಂದಿ ಬದುಕುಳಿದರು ಎಂಬುದನ್ನೂ ಇಂತಹ ಅಧ್ಯಯನಗಳು ವಿಚಾರಿಸುತ್ತವೆ. ತಡವಾಗಿ ಬಂದವರಿಗೆ ಬದುಕುವ ಅವಕಾಶ ಕಡಿಮೆ. ಬಡತನ, ದೂರ, ಸಂಕೋಚಗಳು ಆ ತಡಕ್ಕೆ ಕಾರಣವಾಗುತ್ತವೆ.

ತರೀಕೆರೆ, ಅಜ್ಜಂಪುರ ಸೀಮೆಯ ಅನೇಕ ಕುಟುಂಬಗಳಿಗೆ ಅಡಿಕೆಯೇ ಜೀವನಾಧಾರ. ಆದರೂ ಸತ್ಯವನ್ನು ಮರೆಮಾಚಲಾಗದು. ತಂಬಾಕು ಬೆರೆಸದೆ ಅಗಿದರೂ ಅಡಿಕೆಯು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ವರ್ಗೀಕರಿಸಿದೆ. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು. ಬಾಯಲ್ಲಿ ಮಾಯದ ಹುಣ್ಣು, ಬಿಳಿ ಮಚ್ಚೆ, ಬಾಯಿ ತೆರೆಯಲು ಬಿಗಿತ ಕಂಡೊಡನೆ ವೈದ್ಯರಿಗೆ ತೋರಿಸಬೇಕು.

ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಸರ್ಕಾರಿ ಆರೋಗ್ಯ ವ್ಯವಸ್ಥೆಯೇ ಕೈಗೊಂಡಿದೆ. ಗರ್ಭಕೊರಳಿನ ರೋಗವನ್ನು ಕ್ಯಾನ್ಸರ್ ಆಗುವ ಮೊದಲೇ ಗುರುತಿಸಿ ತಡೆಯಬಹುದು. ಸಂಕೋಚದಿಂದ ಸುಮ್ಮನಿರುವ ತಾಯಂದಿರನ್ನು ಸದ್ಭಕ್ತರು ತಪಾಸಣೆಗೆ ಕರೆದೊಯ್ಯಬೇಕು. ಪಂಕ್ತಿಯಲ್ಲಿ ಒಬ್ಬರೂ ಹಸಿದಿರಬಾರದೆಂಬುದು ದಾಸೋಹದ ನೇಮ. ಆರೋಗ್ಯದ ಪಂಕ್ತಿಗೂ ಅದೇ ನೇಮವಿರಲಿ.